ನಾಯಿ ತಾನಾಗಿ ಕಾಲು ಕೊಡಲಿ



ನಾಯಿ ಸಾಕಿದ ಮನೆಗಳಲ್ಲಿ ಒಂದು ಸದ್ದು ಎಲ್ಲರಿಗೂ ಪರಿಚಿತ. ಗ್ರಾನೈಟ್ ನೆಲದ ಮೇಲೆ ಅದು ನಡೆದುಹೋದರೆ ಟಕ್ ಟಕ್ ಟಕ್ ಎನ್ನುತ್ತದೆ. ಕೇಳಲು ಮುದ್ದಾಗಿಯೇ ಇರುತ್ತದೆ. ಆದರೆ ಉಗುರು ಬೇಕಾದ್ದಕ್ಕಿಂತ ಉದ್ದವಾಗಿದೆ ಎಂದು ನಮಗೆ ತಿಳಿಯುವುದು ಆ ಸದ್ದಿನಿಂದಲೇ. ಹೆಜ್ಜೆ ಇಟ್ಟಾಗಲೆಲ್ಲ ಉಗುರಿನ ತುದಿ ನೆಲಕ್ಕೆ ತಾಗಿ ಬೆರಳನ್ನು ಮೇಲಕ್ಕೆ ಒತ್ತುತ್ತದೆ. ಆ ಒತ್ತಡ ತಪ್ಪಿಸಿಕೊಳ್ಳಲು ನಾಯಿ ಮೈಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುವುದನ್ನು ರೂಢಿಮಾಡಿಕೊಳ್ಳುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಬೆರಳುಗಳು ಹರಡಿಕೊಳ್ಳುತ್ತವೆ, ನುಣುಪು ನೆಲದ ಮೇಲೆ ಕಾಲು ಜಾರುತ್ತದೆ. ವಯಸ್ಸಾದ ನಾಯಿಗಂತೂ ಸೊಂಟದ ನೋವು, ಮಂಡಿಯ ನೋವು ಇನ್ನಷ್ಟು ಹೆಚ್ಚುತ್ತದೆ.

ಊರಿನ ಹೊಲದಲ್ಲಿ, ಕಲ್ಲುದಾರಿಯಲ್ಲಿ ದಿನವಿಡೀ ಓಡಾಡುವ ನಾಯಿಗೆ ಈ ತೊಂದರೆ ಬಹುಮಟ್ಟಿಗೆ ಇಲ್ಲ. ನೆಲವೇ ಅದರ ಉಗುರನ್ನು ಸವೆಸುತ್ತದೆ. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಓಡುವುದಕ್ಕೆಂದೇ ಹುಟ್ಟಿದ ಮುಧೋಳ ನಾಯಿಯನ್ನು ತಂದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ ಸಾಕಿದರೆ, ಬೆಳಿಗ್ಗೆ ಸಂಜೆಯ ವಾಕಿಂಗ್ ಬಿಟ್ಟು ಉಳಿದ ಹೊತ್ತನ್ನೆಲ್ಲ ಅದು ಟೈಲ್ಸ್ ಮೇಲೆ ಕಳೆಯಬೇಕು. ಟೈಲ್ಸ್‌ಗೆ ಉಗುರು ಸವೆಯುವುದಿಲ್ಲ. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಸಾಮಾನ್ಯವಾಗಿ ಒಟ್ಟು 18 ಉಗುರುಗಳು. ಇವುಗಳಲ್ಲಿ ಮುಂಗಾಲಿನ ಒಳಬದಿಗೆ, ಸ್ವಲ್ಪ ಮೇಲೆ ಇರುವ ಹೆಬ್ಬೆರಳಿನ ಉಗುರು ನಡೆಯುವಾಗ ನೆಲಕ್ಕೆ ತಾಗುವುದೇ ಅಪರೂಪ. ಎಷ್ಟೇ ಓಡಾಡಿಸಿದರೂ ಅದು ಸವೆಯದೆ ಬಾಗಿ ಬಾಗಿ ಬೆಳೆದು ಕೊನೆಗೆ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಕೂದಲು ದಟ್ಟವಾಗಿರುವ ಶಿಟ್ಜು, ಲಾಸಾ ಜಾತಿಯ ನಾಯಿಗಳಲ್ಲಿ ಎಷ್ಟೋ ಸಲ ಇದು ನಮ್ಮ ಕಣ್ಣಿಗೆ ಬೀಳುವುದು ಕೀವು ತುಂಬಿ ನಾಯಿ ಕುಂಟತೊಡಗಿದ ಮೇಲೆ.

ಹಾಗಾಗಿ ಉಗುರು ಕತ್ತರಿಸಲೇಬೇಕು. ಆದರೆ ಹೇಗೆ ಕತ್ತರಿಸುವುದು ಎನ್ನುವುದಕ್ಕಿಂತ ಆ ಹೊತ್ತಿನಲ್ಲಿ ನಾಯಿಯ ಮನಸ್ಸಿನಲ್ಲಿ ಏನು ನಡೆಯುತ್ತದೆ ಎನ್ನುವುದರ ಬಗ್ಗೆಯೇ ನಾನು ಇವತ್ತು ಹೆಚ್ಚು ಮಾತಾಡುತ್ತೇನೆ. ಪಶುವೈದ್ಯನಾಗಿ ನಾನು ಕಂಡಂತೆ, ಕತ್ತರಿ ಹಿಡಿಯುವ ಕೈಚಳಕ ಎಲ್ಲರಿಗೂ ಬೇಗ ಬರುತ್ತದೆ. ನಾಯಿಯ ಭಯವನ್ನು ಓದುವ ಕಣ್ಣು ಬರುವುದಕ್ಕೆ ಹೊತ್ತು ಹಿಡಿಯುತ್ತದೆ.

ಭಯಕ್ಕೆ ಕಾರಣ ಉಗುರಿನೊಳಗೇ ಇದೆ. ನಮ್ಮ ಉಗುರು ಬೆರಳಿನ ಮೇಲೆ ಚಪ್ಪಟೆಯಾಗಿ ಕೂತಿದೆ. ನಾಯಿಯ ಉಗುರು ಹಾಗಲ್ಲ. ಬೆರಳಿನ ಕೊನೆಯ ಮೂಳೆಯನ್ನೇ ಸುತ್ತುವರಿದು ಬೆಳೆಯುವ ಗಟ್ಟಿ ಕವಚ ಅದು. ಆ ಕವಚದೊಳಗೆ ರಕ್ತನಾಳ ಮತ್ತು ನರ ಇರುವ ಮೆತ್ತನೆಯ ಜೀವಭಾಗ ಉಗುರಿನ ತುದಿಯ ಕಡೆಗೆ ಬಹುದೂರ ಬಂದಿರುತ್ತದೆ. ಕತ್ತರಿ ಆ ಭಾಗಕ್ಕೆ ತಾಗಿದರೆ ರಕ್ತ ಬರುತ್ತದೆ, ನಾಯಿ ಚೀರುತ್ತದೆ. ಬಿಳಿ ಉಗುರಿನಲ್ಲಿ ಆ ಭಾಗ ನಸುಗೆಂಪಾಗಿ ಹೊರಗಿನಿಂದಲೇ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಏನೂ ಕಾಣುವುದಿಲ್ಲ. ಉಗುರನ್ನು ಬಹುಕಾಲ ಹಾಗೇ ಬಿಟ್ಟರೆ ಉಗುರಿನ ಜತೆ ಜೀವಭಾಗವೂ ಉದ್ದವಾಗುತ್ತದೆ. ಆಮೇಲೆ ಒಂದೇ ದಿನ ಗಿಡ್ಡ ಮಾಡುತ್ತೇನೆಂದು ಹೊರಟರೆ ನೋವು ಕಟ್ಟಿಟ್ಟ ಬುತ್ತಿ. ಸಮಾಧಾನದ ಸಂಗತಿಯೆಂದರೆ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ತುದಿಯನ್ನಷ್ಟೇ ಸ್ವಲ್ಪ ಸ್ವಲ್ಪ ತೆಗೆಯುತ್ತ ಬಂದರೆ ಆ ಜೀವಭಾಗ ನಿಧಾನವಾಗಿ ತಾನೇ ಹಿಂದೆ ಸರಿಯುತ್ತದೆ.

ಈಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ನೆನಪಿಸಿಕೊಳ್ಳಿ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿಸುವ ಹೊತ್ತಿಗೆ ಯಾರಿಗೋ ಉಗುರಿನ ನೆನಪಾಗುತ್ತದೆ. ಅಪ್ಪ ಕುತ್ತಿಗೆ ಹಿಡಿಯುತ್ತಾರೆ, ಮಗ ಸೊಂಟ ಒತ್ತುತ್ತಾನೆ, ಅಮ್ಮ "ಏನೂ ಆಗಲ್ಲ ಕಂದಾ, ಸುಮ್ನಿರೋ" ಎಂದು ತಲೆ ಸವರುತ್ತಾರೆ, ಅಣ್ಣ ಕತ್ತರಿ ಹಿಡಿಯುತ್ತಾನೆ. ನಾಯಿ ಮೊದಲು ಒದ್ದಾಡುತ್ತದೆ, ಆಮೇಲೆ ಗುರ್ ಎನ್ನುತ್ತದೆ, ಬೈಸಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಒದ್ದಾಟ ನಿಲ್ಲುತ್ತದೆ. "ನೋಡಿದ್ರಾ, ಈಗ ಅರ್ಥ ಆಯ್ತು ಅದಕ್ಕೆ" ಎಂದು ಎಲ್ಲರಿಗೂ ನೆಮ್ಮದಿ.

ಕೇಳುಗರೇ, ಆ ಮೌನವನ್ನು ಶಾಂತಿ ಎಂದು ದಯವಿಟ್ಟು ಭಾವಿಸಬೇಡಿ. 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಏನು ಮಾಡಿದರೂ ನಿಲ್ಲಿಸಲಾಗದ ವಿದ್ಯುತ್ ಆಘಾತಕ್ಕೆ ಕೆಲವು ನಾಯಿಗಳನ್ನು ಒಳಪಡಿಸಿದ್ದರು. ಆಮೇಲೆ ಅದೇ ನಾಯಿಗಳನ್ನು ಒಂದು ತಗ್ಗು ತಡೆಯನ್ನು ಹಾರಿ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರು. ಅವುಗಳಲ್ಲಿ ಹೆಚ್ಚಿನವು ತಪ್ಪಿಸಿಕೊಳ್ಳುವ ಪ್ರಯತ್ನವನ್ನೇ ಮಾಡಲಿಲ್ಲ, ಬಿದ್ದಲ್ಲೇ ಕೊರಗುತ್ತ ಆಘಾತವನ್ನು ತಿಂದವು. ತನ್ನ ಕೈಯಲ್ಲಿ ಏನೂ ಇಲ್ಲ ಎಂದು ನಾಯಿಯೂ ಕಲಿಯುತ್ತದೆ ಎಂದು ಆ ಕ್ರೂರ ಪ್ರಯೋಗದಿಂದ ಅವರು ತೀರ್ಮಾನಿಸಿದರು. ನಾಲ್ಕು ಜನ ಒತ್ತಿ ಹಿಡಿದಾಗ ಒದ್ದಾಟ ಬಿಟ್ಟು ಮೈ ಸೆಟೆದುಕೊಂಡು ಮಲಗುವ ನಾಯಿಯಲ್ಲಿಯೂ ನಾನು ಕಾಣುವುದು ಅದನ್ನೇ. ಅದು ಒಪ್ಪಿಕೊಂಡಿಲ್ಲ. ಕೈಬಿಟ್ಟಿದೆ.

ಹಾಗಾದರೆ ನಿಜವಾಗಿ ನೆಮ್ಮದಿಯಾಗಿರುವ ನಾಯಿಯನ್ನು ಗುರುತಿಸುವುದು ಹೇಗೆ? ಬಾಯಿ ಸಡಿಲವಾಗಿರುತ್ತದೆ, ಕಣ್ಣು ಮೃದುವಾಗಿರುತ್ತದೆ, ಕೈಯಲ್ಲಿ ಹಿಡಿದ ಕಾಲಿಗೆ ತೂಕ ಇರುತ್ತದೆ. ಹೆದರಿದ ನಾಯಿ ಹಸಿವಿಲ್ಲದಿದ್ದರೂ ಪದೇಪದೇ ತುಟಿ ನೆಕ್ಕುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟದಲ್ಲಿ ನಿಮ್ಮನ್ನೇ ನೋಡುತ್ತದೆ. ಕಿವಿ ಹಿಂದಕ್ಕೆ ಹೋಗುತ್ತದೆ, ಬಾಲ ಹೊಟ್ಟೆಯಡಿ ಸೇರುತ್ತದೆ. ಇನ್ನೂ ಒಂದು ಗುರುತಿದೆ, ಅದನ್ನು ಬಹಳ ಜನ ಗಮನಿಸಿರುವುದಿಲ್ಲ. ನಮ್ಮಂತೆ ಬೆವರು ಸುರಿಸುವ ಗ್ರಂಥಿಗಳು ನಾಯಿಗೆ ಮುಖ್ಯವಾಗಿ ಪಾದದ ಮೆತ್ತೆಯಲ್ಲಿವೆ. ಗಾಬರಿಯಾದ ನಾಯಿ ದವಾಖಾನೆಯ ಸ್ಟೀಲ್ ಮೇಜಿನಿಂದ ಇಳಿದು ಹೋದ ಮೇಲೆ ನೋಡಿ, ಮೇಜಿನ ಮೇಲೆ ಒದ್ದೆ ಹೆಜ್ಜೆ ಗುರುತು ಉಳಿದಿರುತ್ತದೆ. ಹೊರಗೆ ಎಷ್ಟೇ ಸುಮ್ಮನಿದ್ದರೂ ಒಳಗೆ ಏನಿತ್ತು ಎಂಬುದನ್ನು ಆ ಒದ್ದೆ ಹೆಜ್ಜೆ ಹೇಳಿಬಿಡುತ್ತದೆ.

ಈ ಭಯವನ್ನು ಬಿಡಿಸಬಹುದು. ಬಿಡಿಸುವ ದಾರಿ ಹೊಸದೇನಲ್ಲ, ಶತಮಾನದಷ್ಟು ಹಳೆಯದು. ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಧ್ಯಯನ ಮಾಡಿ 1904ರಲ್ಲಿ ನೊಬೆಲ್ ಪಡೆದವರು. ಒಂದು ಸದ್ದಿನ ಹಿಂದೆಯೇ ಪ್ರತಿ ಸಲವೂ ಆಹಾರ ಬಂದರೆ, ಕೊನೆಗೆ ಆ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ತೋರಿಸಿದವರು ಅವರೇ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಇದನ್ನು ಭಯಕ್ಕೆ ಅನ್ವಯಿಸಿದರು. ಮೊಲವನ್ನು ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗ ತನಗೆ ಇಷ್ಟವಾದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಕೋಣೆಯ ದೂರದ ಮೂಲೆಯಲ್ಲಿ ಇಟ್ಟರು. ಅವನು ನೆಮ್ಮದಿಯಾಗಿ ತಿನ್ನುವಷ್ಟು ದೂರದಲ್ಲೇ ಇಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಆ ಹುಡುಗ ಮೊಲವನ್ನು ಮುದ್ದಾಡಿದ. ಇಲ್ಲಿ ಎರಡು ಸಂಗತಿ ಮುಖ್ಯ. ಭಯದ ವಸ್ತು ಸಣ್ಣ ಪ್ರಮಾಣದಲ್ಲಿ ಬರಬೇಕು. ಅದರ ಜತೆಗೇ ಒಳ್ಳೆಯದೊಂದು ಬರಬೇಕು.

ನಾಯಿಯ ವಿಷಯದಲ್ಲಿ ನಾನು ಇದಕ್ಕೆ ಮೂರನೆಯದೊಂದನ್ನು ಸೇರಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಮೊದಲು ಮುಟ್ಟಬೇಕು, ಆಮೇಲೆ ತಿನಿಸು. ನಾವು ಮಾಡುವುದು ತಿರುಗುಮುರುಗು. ಬಿಸ್ಕತ್ತು ತೋರಿಸಿ ಕರೆಯುತ್ತೇವೆ, ಬಂದ ಕೂಡಲೇ ಕಾಲು ಹಿಡಿಯುತ್ತೇವೆ. ಚಾಕಲೇಟು ಕೊಟ್ಟು ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸಿದ ಮಗುವಿಗೆ ಮುಂದಿನ ಸಲ ಚಾಕಲೇಟಿನ ಮೇಲೆಯೇ ಅನುಮಾನ ಬರುವುದಿಲ್ಲವೇ, ಹಾಗೆಯೇ ಇದೂ. ಕೆಲವೇ ದಿನಗಳಲ್ಲಿ ಬಿಸ್ಕತ್ತಿನ ಡಬ್ಬಿ ತೆಗೆದರೆ ನಾಯಿ ಮಂಚದ ಕೆಳಗೆ ಓಡುತ್ತದೆ. ಕ್ರಮ ಸರಿಯಿದ್ದಾಗ ಆಗುವುದೇ ಬೇರೆ. ಕಾಲು ಮುಟ್ಟಿದರು, ತುಣುಕು ಬಂತು. ಮತ್ತೆ ಮುಟ್ಟಿದರು, ಮತ್ತೆ ಬಂತು. ಆಗ ಮುಟ್ಟುವುದೇ ಶುಭಸೂಚನೆಯಾಗುತ್ತದೆ. ಮುಟ್ಟಿದ ಕೂಡಲೇ ನಾಯಿ ನಿಮ್ಮ ಮುಖ ನೋಡಿ ಬಾಲ ಅಲ್ಲಾಡಿಸಿದರೆ ಅದಕ್ಕೆ ವಿಷಯ ಅರ್ಥವಾಗಿದೆ ಎಂದು ತಿಳಿಯಿರಿ.

ತಿನಿಸು ದಿನನಿತ್ಯದ್ದಾಗಿರಬಾರದು. ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿಯ ಚೂರು, ಮೊಟ್ಟೆ, ಪನೀರು, ಕಡಲೆಕಾಳಿನಷ್ಟೇ ಗಾತ್ರದ ತುಣುಕುಗಳು ಸಾಕು. ಒಣದ್ರಾಕ್ಷಿ, ದ್ರಾಕ್ಷಿ, ಚಾಕಲೇಟು, ಈರುಳ್ಳಿ ಬೆರೆತ ಅಡುಗೆ ಬೇಡವೇ ಬೇಡ, ಇವು ನಾಯಿಗೆ ವಿಷ. ಜಾಗವೂ ಮುಖ್ಯ. ಜಾರುವ ನೆಲದ ಮೇಲೆ ಮೂರು ಕಾಲಿನಲ್ಲಿ ನಿಲ್ಲುವುದೇ ನಾಯಿಗೆ ಒಂದು ಗಾಬರಿ, ಕೆಳಗೆ ಚಾಪೆಯನ್ನೋ ಹಳೆಯ ಜಮಖಾನೆಯನ್ನೋ ಹಾಸಿ. ಸ್ನಾನದ ಮನೆ ಬೇಡ. ವಾಕಿಂಗ್ ಮುಗಿಸಿ ಬಂದು ದಣಿದು ಕೂತ ಸಂಜೆ ಒಳ್ಳೆಯ ಹೊತ್ತು.

ಶುರುಮಾಡುವುದು ಭುಜದಿಂದ. ಭುಜ ಮುಟ್ಟಿ, ಕೈ ತೆಗೆದು, ತುಣುಕು ಕೊಡಿ. ನಾಯಿ ಆರಾಮವಾಗಿದ್ದರೆ ಮೊಣಕೈಗೆ, ಮಣಿಕಟ್ಟಿಗೆ, ಪಾದಕ್ಕೆ ಇಳಿಯಿರಿ. ಎಲ್ಲಿ ಕಾಲು ಹಿಂದಕ್ಕೆಳೆದುಕೊಂಡಿತೋ ಅಲ್ಲಿಂದ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ. ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು. ಮುಂದಿನ ದಿನಗಳಲ್ಲಿ ಪಾದವನ್ನು ಕ್ಷಣಹೊತ್ತು ಅಂಗೈಯಲ್ಲಿ ಇಟ್ಟುಕೊಳ್ಳಿ, ಆಮೇಲೆ ಒಂದು ಬೆರಳನ್ನು ಮೆಲ್ಲಗೆ ಒತ್ತಿ ಉಗುರು ಹೊರಗೆ ಬರುವಂತೆ ಮಾಡಿ, ಬಿಡಿ. ಇದರ ಜತೆಗೇ, ಬೇರೆ ಹೊತ್ತಿನಲ್ಲಿ, ಕತ್ತರಿಯ ಪರಿಚಯವೂ ಆಗಬೇಕು. ಅದನ್ನು ನೆಲದ ಮೇಲಿಡಿ, ನಾಯಿ ಮೂಸಿದರೆ ತುಣುಕು. ನಾಯಿಗೆ ಕತ್ತರಿಯಷ್ಟೇ ಭಯ ಅದರ ಕಟ್ ಎನ್ನುವ ಸದ್ದಿಗೂ ಇರುತ್ತದೆ. ತೆಂಗಿನಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಎಳೆದು, ನಾಯಿಯಿಂದ ದೂರ ಕೂತು ಕತ್ತರಿಸಿ. ಕಟ್, ತುಣುಕು. ಕಟ್, ತುಣುಕು. ಆ ಸದ್ದು ಬಂದಾಗ ಕಾಲಿಗೆ ಏನೂ ಆಗುವುದಿಲ್ಲ ಎಂಬುದು ಮೊದಲು ಮನದಟ್ಟಾಗಲಿ. ಆಮೇಲೆ ಕತ್ತರಿಯನ್ನು ಉಗುರಿಗೆ ಬರಿದೇ ತಾಗಿಸಿ. ಇಷ್ಟೆಲ್ಲ ಆದ ಮೇಲೆ ಒಂದು ಉಗುರಿನ ತುದಿ ತೆಗೆಯಿರಿ. ಒಂದೇ. ಅಂದಿಗೆ ಅಷ್ಟೇ. ದಿನಕ್ಕೊಂದರಂತೆ ಹೋದರೂ ಮೂರು ವಾರದೊಳಗೆ ಹದಿನೆಂಟೂ ಮುಗಿಯುತ್ತವೆ. ಒಂದೇ ಸಲಕ್ಕೆ ಎಲ್ಲವನ್ನೂ ಮುಗಿಸಬೇಕೆಂಬ ಅವಸರ ನಮ್ಮದು, ನಾಯಿಗೆ ಅಂಥ ಅವಸರ ಏನೂ ಇಲ್ಲ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವ ಮಾತು. ನಾಯಿಗೆ ಬೇಡ ಎನ್ನುವ ಹಕ್ಕು ಇರಬೇಕು. ಹೊರದೇಶಗಳ ಒಳ್ಳೆಯ ಮೃಗಾಲಯಗಳಲ್ಲಿ ಹುಲಿ ತಾನಾಗಿ ಸರಳಿನ ಪಕ್ಕ ಮಲಗಿ ಬಾಲದಿಂದ ರಕ್ತ ತೆಗೆಸಿಕೊಳ್ಳುತ್ತದೆ, ಆನೆ ಸರಳಿನ ನಡುವೆ ಪಾದ ಎತ್ತಿಟ್ಟು ಉಗುರು ಉಜ್ಜಿಸಿಕೊಳ್ಳುತ್ತದೆ. ಯಾರೂ ಅವನ್ನು ಕಟ್ಟಿಹಾಕಿರುವುದಿಲ್ಲ, ಬೇಡವೆನಿಸಿದರೆ ಎದ್ದು ಹೋಗಬಹುದು. ಹುಲಿಗೆ ಕೊಡುವ ಈ ಮರ್ಯಾದೆಯನ್ನು ನಮ್ಮ ಮನೆಯ ನಾಯಿಗೂ ಕೊಡಬಹುದಲ್ಲವೇ? ಬ್ರಿಟನ್ನಿನ ತರಬೇತುದಾರ ಚಿರಾಗ್ ಪಟೇಲ್ ಇದಕ್ಕೊಂದು ಸುಲಭ ಆಟ ರೂಪಿಸಿದ್ದಾರೆ. ತಿನಿಸು ತುಂಬಿದ ಒಂದು ಡಬ್ಬಿಯನ್ನು ನಾಯಿಗೆ ಕಾಣುವಂತೆ ಸ್ವಲ್ಪ ದೂರದಲ್ಲಿ ಇಡುತ್ತಾರೆ. ನಾಯಿ ಡಬ್ಬಿಯನ್ನು ನೋಡುತ್ತಿರುವವರೆಗೂ ಕೆಲಸ ಸಾಗುತ್ತದೆ, ನಡುನಡುವೆ ತುಣುಕು ಸಿಗುತ್ತದೆ. ನಾಯಿ ಡಬ್ಬಿಯಿಂದ ಕಣ್ಣು ತೆಗೆದ ಕ್ಷಣ ಕೈ ನಿಲ್ಲುತ್ತದೆ. ಮತ್ತೆ ಅದು ಡಬ್ಬಿಯ ಕಡೆ ನೋಡಿದರೆ ಮಾತ್ರ ಮುಂದುವರಿಕೆ. ನಿಲ್ಲಿಸುವ ಕೀಲಿ ತನ್ನ ಬಳಿಯೇ ಇದೆ ಎಂದು ಗೊತ್ತಾದ ನಾಯಿ ಓಡಿಹೋಗುವುದು ಕಡಿಮೆಯಾಗುತ್ತದೆ, ಹೆಚ್ಚು ಹೊತ್ತು ಕಾಲು ಕೊಡುತ್ತದೆ. ಒತ್ತಿ ಹಿಡಿದು ಬೆಳೆಸಿದವರಿಗೆ ಇದನ್ನು ಕಣ್ಣಾರೆ ಕಂಡರೂ ನಂಬಲು ಕಷ್ಟ.

ಹಾಗೆಯೇ ಗುರ್ ಎಂದಿದ್ದಕ್ಕೆ ಹೊಡೆಯಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಆ ಎಚ್ಚರಿಕೆಗೆ ಪೆಟ್ಟು ಬಿದ್ದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ನೇರವಾಗಿ ಹಲ್ಲೇ ಬೀಳುತ್ತದೆ. ಕಚ್ಚಿದ್ದು ಮನೆಯ ನಾಯಿಯೇ ಆಗಿರಲಿ, ಲಸಿಕೆ ಹಾಕಿಸಿದ್ದೇ ಆಗಿರಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು.

ಕತ್ತರಿಸುವ ಕೆಲಸದ ಬಗ್ಗೆ ಎರಡು ಮಾತು ಸಾಕು. ಕತ್ತರಿ ಹರಿತವಾಗಿರಬೇಕು. ಮೊಂಡು ಕತ್ತರಿ ಉಗುರನ್ನು ಕತ್ತರಿಸುವ ಮೊದಲು ಹಿಸುಕುತ್ತದೆ, ಆ ಹಿಸುಕುವಿಕೆಯೇ ನೋವು. ಕಪ್ಪು ಉಗುರನ್ನು ತೆಳ್ಳಗೆ ಚೂರುಚೂರಾಗಿ ತೆಗೆಯುತ್ತ, ಪ್ರತಿ ಸಲವೂ ಕತ್ತರಿಸಿದ ಮುಖವನ್ನು ನೋಡಿ. ಮೊದಲು ಒಣಗಿದಂತೆ ಮಾಸಲು ಬಿಳುಪು ಕಾಣುತ್ತದೆ. ನಡುವೆ ಒಂದು ಗಾಢ ಬಣ್ಣದ ಚುಕ್ಕೆ ಕಂಡರೆ ಜೀವಭಾಗ ಹತ್ತಿರದಲ್ಲಿದೆ, ಅಲ್ಲಿಗೆ ನಿಲ್ಲಿಸಿ. ರಕ್ತ ಬಂದರೆ ಚೀರಾಡಬೇಡಿ, ನಿಮ್ಮ ಗಾಬರಿ ನಾಯಿಗೂ ಅಂಟುತ್ತದೆ. ರಕ್ತ ನಿಲ್ಲಿಸುವ ಪುಡಿ ಔಷಧದಂಗಡಿಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಮನೆಯ ಕಾರ್ನ್‌ಫ್ಲೋರ್ ಒತ್ತಿ ಕೆಲವು ನಿಮಿಷ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ದವಾಖಾನೆಗೆ ಬನ್ನಿ.

ಕತ್ತರಿಯನ್ನು ಕಂಡರೇ ಆಗದ ನಾಯಿಗೆ ಕತ್ತರಿಯೇ ಬೇಕೆಂದಿಲ್ಲ. ಉಗುರು ಉಜ್ಜುವ ಸಣ್ಣ ಯಂತ್ರಗಳು ಬಂದಿವೆ. ಆದರೆ ನಮಗೆ ಕೇಳಿಸುವ ಸದ್ದಿನ ಮೇಲ್ಮಿತಿ ಸುಮಾರು 20,000 ಹರ್ಟ್ಜ್ ಆದರೆ ನಾಯಿಗೆ 45,000ದವರೆಗೂ ಕೇಳಿಸುತ್ತದೆ. ಆ ಯಂತ್ರದ ಗುಂಯ್‌ಗುಡುವಿಕೆ ಅದರ ಕಿವಿಗೆ ಹೇಗಿರುತ್ತದೋ ನಾವು ಊಹಿಸಲಾರೆವು, ಆದ್ದರಿಂದ ಅದಕ್ಕೂ ಇಷ್ಟೇ ತಾಳ್ಮೆಯ ಪರಿಚಯ ಬೇಕು. ನನಗೆ ಬಹಳ ಇಷ್ಟವಾದ ಸಾಧನ ಒಂದು ಹಲಗೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಉಪ್ಪುಕಾಗದವನ್ನು ಒಂದು ಮರದ ಹಲಗೆಗೆ ಅಂಟಿಸಿ, ಓರೆಯಾಗಿ ಹಿಡಿದು, ನಾಯಿ ಅದರ ಮೇಲೆ ಮುಂಗಾಲಿನಿಂದ ಕೆರೆದಾಗಲೆಲ್ಲ ತುಣುಕು ಕೊಡಿ. ನೆಲ ಕೆರೆಯುವುದು ನಾಯಿಗೆ ಹುಟ್ಟುಗುಣ. ಮುಂಗಾಲಿನ ಉಗುರುಗಳನ್ನು ಅದು ತಾನೇ ಸವೆಸಿಕೊಳ್ಳುತ್ತದೆ. ಹೆಬ್ಬೆರಳಿನ ಉಗುರು ಮಾತ್ರ ಹಲಗೆಗೆ ತಾಗುವುದಿಲ್ಲ, ಅದಕ್ಕೆ ಕತ್ತರಿಯೋ ಅರವೋ ಬೇಕು.

ಇಷ್ಟು ದಿನ ಸುಮ್ಮನೆ ಕಾಲು ಕೊಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕೊಡಲೊಲ್ಲದಾದರೆ, ಹಟ ಎಂದು ಬೈಯುವ ಮೊದಲು ಬೆರಳುಗಳ ಸಂದು ಬಿಡಿಸಿ ನೋಡಿ. ಉಣುಗು ಕಚ್ಚಿಕೊಂಡಿರಬಹುದು, ಮುಳ್ಳು ಹೊಕ್ಕಿರಬಹುದು, ಉಗುರು ಸೀಳಿರಬಹುದು. ಮುದಿನಾಯಿಯಾದರೆ ಕಾಲು ಮಡಚಿ ಎತ್ತಿದಾಗ ಕೀಲು ನೋಯುತ್ತಿರಬಹುದು. ನೋವಿಗೆ ತರಬೇತಿ ಮದ್ದಲ್ಲ. ಹಳೆಯ ಆಘಾತದಿಂದ ವಿಪರೀತ ಹೆದರಿದ ನಾಯಿಗಳಿಗೆ, ಮನೆಯಿಂದ ಹೊರಡುವ ಮೊದಲೇ ಕೊಡುವ ಭಯ ತಗ್ಗಿಸುವ ಮಾತ್ರೆಗಳಿವೆ. ಅವನ್ನು ಪಶುವೈದ್ಯರೇ ತೂಕ, ಆರೋಗ್ಯ ನೋಡಿ ಬರೆದುಕೊಡಬೇಕು. ನಮ್ಮ ಮನೆಯ ಔಷಧದ ಡಬ್ಬಿಯಿಂದ ನಿದ್ದೆ ಮಾತ್ರೆಯನ್ನೋ ನೋವಿನ ಮಾತ್ರೆಯನ್ನೋ ತೆಗೆದು ಕೊಟ್ಟರೆ ಪ್ರಾಣಕ್ಕೇ ಅಪಾಯ. ಮಾತ್ರೆ ಬೇಕಾಯಿತೆಂದು ನಾಚಿಕೆಪಡುವ ಅಗತ್ಯವೂ ಇಲ್ಲ. ವರ್ಷಗಟ್ಟಲೆ ಭಯದಲ್ಲಿ ನಡುಗಿಸುವುದಕ್ಕಿಂತ ಅದು ಎಷ್ಟೋ ಮೇಲು.

ಮರಿ ತಂದವರಿಗೆ ಈ ಕೆಲಸ ಬಹಳ ಹಗುರ. ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ದಿನಗಳಲ್ಲಿ ದಿನಕ್ಕೊಮ್ಮೆ ಪಾದ ಹಿಡಿದು, ಬೆರಳು ಸವರಿ, ಒಂದು ತುಣುಕು ಕೊಟ್ಟರೆ ಮುಂದೆ ಹತ್ತು ಹನ್ನೆರಡು ವರ್ಷ ಇಬ್ಬರಿಗೂ ಸುಖ. ಮಕ್ಕಳಿಗೂ ತುಣುಕು ಕೊಡುವ ಕೆಲಸ ಒಪ್ಪಿಸಿ, ಆದರೆ ಕತ್ತರಿಯನ್ನಲ್ಲ.

ಕೊನೆಗೆ ಒಂದು ವಿನಂತಿ. ಮನೆಯಲ್ಲಿ ಮಾಡಲಾಗದೆ ಗ್ರೂಮಿಂಗ್ ಅಂಗಡಿಗೋ ದವಾಖಾನೆಗೋ ಕರೆದುಕೊಂಡು ಹೋಗುವವರು ನಿಮ್ಮಲ್ಲಿ ಬಹಳ ಜನ ಇರುತ್ತೀರಿ. ನಾಯಿಯನ್ನು ಒಳಗೆ ಕಳಿಸಿ ಹೊರಗಿನ ಬೆಂಚಿನ ಮೇಲೆ ಕೂರಬೇಡಿ. ಜತೆಯಲ್ಲಿ ನಾನೂ ಇರುತ್ತೇನೆ ಎಂದು ಕೇಳಿ, ಪಕ್ಕದಲ್ಲಿ ನಿಲ್ಲಿ, ತುಣುಕು ನಿಮ್ಮ ಕೈಯಿಂದಲೇ ಹೋಗಲಿ. "ಒತ್ತಿ ಹಿಡಿಯಬೇಡಿ, ಹೆದರಿದರೆ ಅಲ್ಲಿಗೇ ನಿಲ್ಲಿಸಿ, ಇವತ್ತು ಎರಡೇ ಉಗುರಾದರೂ ಪರವಾಗಿಲ್ಲ, ಮಿಕ್ಕಿದ್ದಕ್ಕೆ ಮುಂದಿನ ವಾರ ಬರುತ್ತೇವೆ" ಎಂದು ಕತ್ತರಿ ಹಿಡಿದವರಿಗೆ ಮೊದಲೇ ಹೇಳಿ. ಎರಡೇ ಉಗುರು ಕತ್ತರಿಸಿದರೂ ಪೂರ್ತಿ ದುಡ್ಡು ಕೊಡಿ. ಇದಕ್ಕೆ ಒಪ್ಪದ ಜಾಗವಾದರೆ ನಾಯಿಯನ್ನು ಕರೆದುಕೊಂಡು ವಾಪಸ್ಸು ಬನ್ನಿ.